ಆಟಗಾರನ ಬೆಲೆ ನಿಶ್ಚಯವಾಗುವ ಬಗೆ

ಒಂದು ಕಲ್ಲನ್ನು ಚಂದ್ರನ ಮೇಲಕ್ಕೆ ಒಯ್ದರೆ ಅದರ ತೂಕವು ಸುಮಾರು ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ದ್ರವ್ಯರಾಶಿ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ಫುಟ್‌ಬಾಲ್ ಆಟಗಾರನ ಕೌಶಲಕ್ಕೂ ಕ್ಲಬ್ಬುಗಳು ಅವನಿಗೆ ಕಟ್ಟುವ ಬೆಲೆಗೂ ಇಂಥದೇ ಸಂಬಂಧವುಂಟು. ಕೌಶಲವು ಅವನದು, ಬೆಲೆಯಾದರೋ ಸುತ್ತಲಿನ ಸನ್ನಿವೇಶವನ್ನು ಅವಲಂಬಿಸಿರುತ್ತದೆ.

ಆಟಗಾರನು ಕ್ಲಬ್ಬಿನೊಡನೆ ಇಂತಿಷ್ಟು ವರ್ಷಗಳಿಗೆಂದು ಕರಾರು ಮಾಡಿಕೊಂಡಿರುತ್ತಾನೆ. ಅವಧಿ ಮುಗಿಯುವ ಮೊದಲೇ ಅವನನ್ನು ಬಯಸುವ ಕ್ಲಬ್ಬು, ಅವನಿರುವ ಕ್ಲಬ್ಬಿಗೆ ವರ್ಗಾವಣೆಯ ಹಣವನ್ನು ತೆರುವುದು ವಾಡಿಕೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿಟ್ಟುಕೊಡುವವರು 60 ಲಕ್ಷ ರೂಪಾಯಿಗಿಂತ ಕಡಮೆಗೆ ಒಪ್ಪರು. ಕೊಳ್ಳುವವರು 90 ಲಕ್ಷಕ್ಕಿಂತ ಹೆಚ್ಚು ಕೊಡರು. ಬೆಲೆಯು ಈ ಎರಡು ಮೇರೆಗಳ ನಡುವೆ ಎಲ್ಲಿಯಾದರೂ ನಿಲ್ಲಬಹುದು. ಅಷ್ಟರಲ್ಲಿ 80 ಲಕ್ಷದವರೆಗೆ ಕೊಡಬಲ್ಲ ಪ್ರತಿಸ್ಪರ್ಧಿ ಕ್ಲಬ್ಬೊಂದು ಬಂದಿತೆನ್ನಿ. ಇನ್ನು 80 ಲಕ್ಷಕ್ಕಿಂತ ಕಡಮೆಗೆ ಆಟಗಾರನು ದೊರೆಯುವುದು ದುರ್ಲಭ. ತಾನು ಕೊಳ್ಳದೆಯೇ ಪ್ರತಿಸ್ಪರ್ಧಿಯು ಬೆಲೆಯನ್ನು ಏರಿಸಿದಂತಾಯಿತು!

ಕಾಲವು ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಕರಾರಿನ ದಿನಗಳು ಕಳೆದಂತೆಲ್ಲ ಕೆಳಗಿನ ಮೇರೆಯು ಇಳಿಯುತ್ತದೆ. ಏಕೆಂದರೆ ಅವಧಿ ತೀರಿದ ಮೇಲೆ ಏನೂ ದೊರೆಯದು. ಹಿಂದೆ ಯುರೋಪಿನಲ್ಲಿ ಕರಾರು ಮುಗಿದ ಬಳಿಕವೂ ಹಣ ಕೇಳುವ ಪದ್ಧತಿಯಿತ್ತು. ಬೆಲ್ಜಿಯಂ ದೇಶದ ಆಟಗಾರ ಬಾಸ್ಮನ್ ಅವರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವು 1995ರ ಡಿಸೆಂಬರ್ 15ರಂದು ಅದನ್ನು ತಳ್ಳಿಹಾಕಿತು.

ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಫಿಜಿ ದೇಶದ ರಾಯ್ ಕೃಷ್ಣ ಅವರು 2022ರಲ್ಲಿ ಕೊಲ್ಕತ್ತದ ಎ.ಟಿ.ಕೆ. ಮೋಹನ್ ಬಗಾನ್ ಕ್ಲಬ್ಬಿನ ಕರಾರನ್ನು ಮುಗಿಸಿ ಬೆಂಗಳೂರು ಎಫ್.ಸಿ.ಯನ್ನು ಸೇರಿದರು. 2023ರ ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ, ತಮ್ಮ ಹಳೆಯ ಕ್ಲಬ್ಬಿನ ವಿರುದ್ಧವೇ ಗೋಲು ಹೊಡೆದರು. ಆಟವು 2–2ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಬೆಂಗಳೂರು 3–4ರಿಂದ ಸೋತಿತು. ವರ್ಗಾವಣೆಯ ಬೆಲೆ ಸೊನ್ನೆಯಾದರೂ ಕೌಶಲವು ಸೊನ್ನೆಯಾಗಿರಲಿಲ್ಲ.

ಹೀಗೆ ಸ್ವತಂತ್ರನಾಗುವುದರಿಂದ ಆಟಗಾರನಿಗೆ ಲಾಭವೇ ಸರಿ. ಆದರೆ ಅವನನ್ನು ಬೆಳೆಸಿದವರ ಗತಿಯೇನು? ದೇಶದಿಂದ ದೇಶಕ್ಕೆ ನಡೆಯುವ ವರ್ಗಾವಣೆಯ ಹಣದಲ್ಲಿ ಶೇಕಡ 5 ಭಾಗವು, ಆಟಗಾರನನ್ನು 12ರಿಂದ 23ನೆಯ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಸಲ್ಲಬೇಕೆಂದು ಫೀಫಾ ಸಂಸ್ಥೆಯ ನಿಯಮವಿದೆ. ಕಾಮಾಕ್ಷಿಪಾಳ್ಯದ ಹುಡುಗನೊಬ್ಬನು ಮುಂದೆ ವಿದೇಶದ ಕ್ಲಬ್ಬಿಗೆ ಹೋಗುವನೆಂದು ಭಾವಿಸೋಣ. ಕರಾರಿನ ನಡುವೆ ಹಣ ಪಡೆದು ಕಳುಹಿಸಿದರೆ ಅವನಿಗೆ ಆಟ ಕಲಿಸಿದ ಚಿಕ್ಕ ಕ್ಲಬ್ಬಿಗೂ ಪಾಲುಂಟು. ಅವಧಿ ಮುಗಿಸಿ ಹೋದರೆ ಈ ಪಾಲಿಲ್ಲ. ಸೊನ್ನೆಯ ಶೇಕಡ 5 ಸೊನ್ನೆಯೇ ಅಲ್ಲವೆ?