ಐದು ಸಾಸಿವೆ ಕಾಳಿನ ಲೇಪ

ನಾಲ್ಕಡಿಯ ಹಳೆಯ ಟ್ಯೂಬ್‌ಲೈಟ್ ನೆನಪಿಸಿಕೊಳ್ಳಿ, 36 ವ್ಯಾಟಿನದು. ಅದರ ಮೈಯ ಪ್ರಖರತೆ ಸುಮಾರು 10,000 ನಿಟ್. ಒಂದು ಚದರ ಮೀಟರ್ ಹರವಿನಿಂದ ಒಂದು ಮೇಣದಬತ್ತಿಯಷ್ಟು ಬೆಳಕು ನಮ್ಮತ್ತ ಹೊಮ್ಮಿದರೆ ಅದು ಒಂದು ನಿಟ್. ನಿಮ್ಮೆದುರಿನ ಕಂಪ್ಯೂಟರ್ ಮಾನಿಟರಿನ ಅಚ್ಚ ಬಿಳಿ 300 ನಿಟ್ ಇದ್ದರೆ ಅದು ಒಳ್ಳೆಯ ಮಾನಿಟರೇ. ಈಗ ಆ ಟ್ಯೂಬ್‌ಲೈಟು ನಿಮ್ಮ ಬೆನ್ನ ಹಿಂದಿನ ಗೋಡೆಯಲ್ಲಿ ಉರಿಯುತ್ತಿದೆ ಎನ್ನಿ. ಏನೂ ಹಚ್ಚದ ನುಣುಪು ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ವಾಪಸು ಕಳಿಸುತ್ತದೆ. ಹತ್ತು ಸಾವಿರಕ್ಕೆ ಆ ಲೆಕ್ಕ ಹಿಡಿದರೆ 400 ನಿಟ್. ಪರದೆಯ ಮೇಲೆ ಮೂಡಿದ ಟ್ಯೂಬ್‌ಲೈಟಿನ ಬಿಂಬ, ಪರದೆ ತನ್ನೆಲ್ಲ ಶಕ್ತಿ ಹಾಕಿ ತೋರಿಸುವ ಬಿಳಿಗಿಂತಲೂ ಬೆಳ್ಳಗಿರುತ್ತದೆ.

ಟ್ಯೂಬ್‌ಲೈಟಿನ ಮಾತು ಹಾಗಿರಲಿ. ನಡುಹಗಲ ಸೂರ್ಯನ ಮೈ ಸುಮಾರು 160 ಕೋಟಿ ನಿಟ್. ನೂರಕ್ಕೆ ನಾಲ್ಕರಂತೆ 6.4 ಕೋಟಿ. ಮಾನಿಟರಿನ ಬಿಳಿಗಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲ್ ನೋಡುವಾಗ ಗಾಜಿನ ಮೂಲೆಗೆ ಸೂರ್ಯ ತಾಗಿದೊಡನೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದು ಇದಕ್ಕೇ.

ಬೆಳಕಿನ ತುದಿ ಇದಾದರೆ ಕತ್ತಲೆಯ ತುದಿ ಇನ್ನೂ ಅಚ್ಚರಿಯದು. ಸಾಮಾನ್ಯ ಎಲ್‌ಸಿಡಿ ಮಾನಿಟರಿನ ಡಬ್ಬದ ಮೇಲೆ ಕಾಂಟ್ರಾಸ್ಟ್ 1000:1 ಎಂದು ಅಚ್ಚಾಗಿರುತ್ತದೆ. ಬಿಳಿ 300 ನಿಟ್ ಇದ್ದರೆ ಕಪ್ಪು 0.3 ನಿಟ್ ಎಂದರ್ಥ. ಕಚೇರಿಯ ದೀಪದ ಬೆಳಕು ಸುಮಾರು 500 ಲಕ್ಸ್; ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಆ ಬೆಳಕಿನಲ್ಲಿ ನೀವು ತೊಟ್ಟ ಬಿಳಿ ಅಂಗಿ 125 ನಿಟ್‌ನಷ್ಟು ಹೊಳೆಯುತ್ತದೆ. ಗಾಜಿನಲ್ಲಿ ಅದರ ಬಿಂಬ 5 ನಿಟ್. ಪರದೆಯ ಕಪ್ಪಿಗಿಂತ ಹದಿನೇಳು ಪಟ್ಟು. ಸಿನಿಮಾದ ರಾತ್ರಿ ದೃಶ್ಯ ಬಂದಾಗ ನಟನ ಮುಖದ ಬದಲು ನಮ್ಮ ಅಂಗಿಯ ಗುಂಡಿಗಳು ಕಾಣುವುದು ಹೀಗೆ.

ಇದಕ್ಕೆ ಬಹುಪಾಲು ಕಚೇರಿ ಮಾನಿಟರುಗಳಲ್ಲಿ ಕಂಡುಕೊಂಡ ಉಪಾಯ ಮ್ಯಾಟ್ ಲೇಪ. ಪರದೆಯ ಹೊರಮೈಯ ಹಾಳೆಯನ್ನು ಬೇಕೆಂದೇ ಒರಟು ಮಾಡುತ್ತಾರೆ. ಬೆರಳಿಗೆ ನುಣುಪು, ಬೆಳಕಿಗೆ ಮಾತ್ರ ಗುಡ್ಡಗಾಡು. ಒಂದೊಂದು ಉಬ್ಬು 25 ಮೈಕ್ರಾನ್ ಅಗಲ, ಅಂದರೆ ತಲೆಗೂದಲಿನ ದಪ್ಪದ ಮೂರನೇ ಒಂದರಷ್ಟು, ಎಂದು ಹಿಡಿದು ಲೆಕ್ಕ ಹಾಕೋಣ. 27 ಇಂಚಿನ ಒಂದೇ ಪರದೆಯ ಮೇಲೆ 32 ಕೋಟಿ ಉಬ್ಬುಗಳಾಗುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ, ಅದರ ಐದು ಪಟ್ಟು ಗುಡ್ಡಗಳನ್ನು ಮೇಜಿನ ಮೇಲಿಟ್ಟುಕೊಂಡು ನಾವು ಕೆಲಸ ಮಾಡುತ್ತಿದ್ದೇವೆ.

ಈ ಗುಡ್ಡಗಳು ಟ್ಯೂಬ್‌ಲೈಟಿನ ಬಿಂಬವನ್ನು ಒಡೆದು ಹರಡುತ್ತವೆ. ಬಿಂಬದ ಅಂಚು ಕರಗುತ್ತದೆ, ಕಣ್ಣಿಗೆ ಚುಚ್ಚುವುದು ನಿಲ್ಲುತ್ತದೆ. ಆದರೆ ಆ ನಾಲ್ಕು ಪಾಲು ಬೆಳಕು ಎಲ್ಲಿಗೂ ಹೋಗಿಲ್ಲ. ಒಂದೇ ಕಡೆ ಬೀಳುತ್ತಿದ್ದದ್ದು ಈಗ ಇಡೀ ಪರದೆಗೆ ತೆಳುವಾದ ಬೂದು ಮುಸುಕಾಗಿದೆ. ಮ್ಯಾಟ್ ಪರದೆ ಕೊಳ್ಳುವವರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇದು: ಮ್ಯಾಟ್ ಲೇಪ ಬೆಳಕನ್ನು ಹಂಚುತ್ತದೆ, ಅಳಿಸುವುದಿಲ್ಲ.

ಆ ಮುಸುಕಿನ ಬೆಲೆಯನ್ನು ಲೆಕ್ಕದಲ್ಲೇ ನೋಡಬಹುದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೇ ಪಾಲು ಎಲ್ಲ ದಿಕ್ಕಿಗೂ ಸಮನಾಗಿ ಚದುರಿತು ಎಂದಿಟ್ಟುಕೊಳ್ಳಿ. 500 ಲಕ್ಸ್ ಕಚೇರಿಯಲ್ಲಿ ಮುಸುಕು 1.6 ನಿಟ್. ಅದನ್ನು ಬಿಳಿಗೂ ಸೇರಿಸಿ, ಕಪ್ಪಿಗೂ ಸೇರಿಸಿ. ಬಿಳಿ 300ರಿಂದ 301.6ಕ್ಕೆ ಏರಿತು, ಗೊತ್ತೇ ಆಗುವುದಿಲ್ಲ. ಕಪ್ಪು 0.3ರಿಂದ 1.9ಕ್ಕೆ ಹಾರಿತು, ಆರು ಪಟ್ಟು. ಡಬ್ಬದ ಮೇಲಿನ ಸಾವಿರ ಈಗ 160. ಅದೇ ಮಾನಿಟರನ್ನು ಮೋಡ ಕವಿದ ಹಗಲಿನಲ್ಲಿ, 10,000 ಲಕ್ಸ್ ಬೆಳಕಿರುವ ತೆರೆದ ಜಗುಲಿಗೆ ತನ್ನಿ: ಕಾಂಟ್ರಾಸ್ಟ್ ಬರೀ 10. ರಾತ್ರಿ ದೀಪ ತಗ್ಗಿಸಿದ ಕೋಣೆಯಲ್ಲಿ, 5 ಲಕ್ಸ್ ಬೆಳಕಿನಲ್ಲಿ: 950. ಯಂತ್ರ ಒಂದೇ, ಬೆಲೆ ಒಂದೇ. ಕೋಣೆ ಬದಲಾದುದಕ್ಕೆ 950 ಇದ್ದದ್ದು 10 ಆಯಿತು.

ಓಎಲ್‌ಇಡಿ ಪರದೆಯ ಕಥೆ ಕೇಳಿದರೆ ಇನ್ನೂ ಬೆರಗಾಗುತ್ತದೆ. ಅಲ್ಲಿ ಕಪ್ಪೆಂದರೆ ಪಿಕ್ಸೆಲ್ ಪೂರ್ತಿ ಆರಿದಂತೆ, ಸೊನ್ನೆ ನಿಟ್. ಆದ್ದರಿಂದ ಜಾಹೀರಾತಿನಲ್ಲಿ ಕಾಂಟ್ರಾಸ್ಟ್ 'ಅನಂತ'. ಅದೇ ಲೇಪ, ಅದೇ 300 ನಿಟ್, ಅದೇ ಕಚೇರಿ ಎಂದುಕೊಂಡರೆ ಅನಂತ 190ಕ್ಕೆ ಇಳಿಯುತ್ತದೆ. ಜಗುಲಿಯಲ್ಲಿ 10.4. ಎಲ್‌ಸಿಡಿಯದು 10.3 ಇತ್ತು. ಸಾವಿರಕ್ಕೂ ಅನಂತಕ್ಕೂ ಇದ್ದ ಅಂತರವನ್ನು ಒಂದು ಮೋಡದ ಮಧ್ಯಾಹ್ನ ದಶಮಾಂಶದಾಚೆಯ ಒಂದು ಅಂಕಿಗೆ ಇಳಿಸಿಬಿಟ್ಟಿತು. ಕತ್ತಲ ಕೋಣೆಯಲ್ಲಿ ಆ ಪರದೆ ನೋಡಿದವರು ಅದನ್ನು ಹೊಗಳುವುದು ಸುಳ್ಳಲ್ಲ, ನಾನೂ ಹೊಗಳುತ್ತೇನೆ. ಕಿಟಕಿಯೆದುರು ಕೂರುವವರು ಮಾತ್ರ ಆ ಹೊಗಳಿಕೆಗೆ ಹಣ ಕೊಡಬಾರದು.

ಇಲ್ಲಿಯವರೆಗೆ ಹೊರಗಿನಿಂದ ಬಂದ ಬೆಳಕಿನ ಮಾತಾಯಿತು. ಪರದೆಯ ಒಳಗಿನ ಬೆಳಕೂ ಅದೇ ಗುಡ್ಡಗಳನ್ನು ದಾಟಿಯೇ ನಮ್ಮ ಕಣ್ಣಿಗೆ ಬರಬೇಕು. ಮಾನಿಟರಿನ ವಿವರಪಟ್ಟಿಯಲ್ಲಿ ಹಲವು ಬಾರಿ 'ಹೇಜ್ 25%, 3ಎಚ್' ಎಂಬ ಸಾಲಿರುತ್ತದೆ. 3ಎಚ್ ಎಂದರೆ ಪೆನ್ಸಿಲಿನ ಗಡಸುತನ. ಆ ದರ್ಜೆಯ ಪೆನ್ಸಿಲ್ ಗೀಚಿದರೂ ಗೆರೆ ಬೀಳುವುದಿಲ್ಲ. ಹೇಜ್ 25% ಎಂದರೆ ಹಾಯ್ದುಹೋಗುವ ಬೆಳಕಿನಲ್ಲಿ ಕಾಲು ಭಾಗ ಎರಡೂವರೆ ಡಿಗ್ರಿಗಿಂತ ಹೆಚ್ಚು ದಾರಿ ತಪ್ಪುತ್ತದೆ. ಎರಡೂವರೆ ಡಿಗ್ರಿ ಅಲ್ಪವೆನಿಸಬಹುದು. ಆದರೆ ಪಿಕ್ಸೆಲ್ಲಿಗೂ ಲೇಪಕ್ಕೂ ನಡುವೆ ಗಾಜು, ಪೋಲರೈಸರ್ ಹಾಳೆ ಸೇರಿ ಮುಕ್ಕಾಲು ಮಿಲಿಮೀಟರಿನಷ್ಟು ದೂರವಿದ್ದರೆ, ಆ ಬೆಳಕು ತನ್ನ ನಿಜವಾದ ಜಾಗಕ್ಕಿಂತ 20 ಮೈಕ್ರಾನ್ ಆಚೆಯಿಂದ ಬಂದಂತೆ ಕಾಣುತ್ತದೆ. 27 ಇಂಚಿನ 4ಕೆ ಪರದೆಯಲ್ಲಿ ಪಿಕ್ಸೆಲ್ಲುಗಳು 82,94,400. ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಮೂರು ಪಟ್ಟಿ, ಒಟ್ಟು 2,48,83,200. ಒಂದು ಪಟ್ಟಿಯ ಅಗಲ 52 ಮೈಕ್ರಾನ್. ಇಪ್ಪತ್ತು ಮೈಕ್ರಾನ್ ಸರಿದ ಬೆಳಕು ನೆರೆಮನೆಯ ಅಂಗಳಕ್ಕೇ ಕಾಲಿಟ್ಟಂತೆ.

ಕನ್ನಡ ಪುಟಗಳ ಕರಡು ತಿದ್ದುವುದು ನನ್ನ ಕೆಲಸ. 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಆ ಸೀಳಿಗೆ ಸಿಗುವುದು ಒಂದೆರಡು ಪಿಕ್ಸೆಲ್. ಅಕ್ಕಪಕ್ಕದ ಬಿಳಿ ಕಪ್ಪಿನೊಳಗೆ, ಕಪ್ಪು ಬಿಳಿಯೊಳಗೆ ಸೋರಿದರೆ ಆ ಸೀಳು ಮಸಕಾಗುತ್ತದೆ. ಒತ್ತಕ್ಷರಗಳ ಪಾಡೂ ಅದೇ. ಇಂಗ್ಲಿಷ್ ಓದುವವರಿಗಿಂತ ಕನ್ನಡ ಓದುವವರು ಲೇಪದ ಬಗ್ಗೆ ಹೆಚ್ಚು ಕಟ್ಟುನಿಟ್ಟಾಗಿರಬೇಕು ಎಂದು ನಾನು ನಂಬಿರುವುದು ಇದರಿಂದಲೇ.

ಇನ್ನೊಂದು ತೊಂದರೆಗೆ ಸ್ಪಾರ್ಕಲ್ ಎನ್ನುತ್ತಾರೆ. ಬಿಳಿ ಪುಟದ ಮೇಲೆ ಸಕ್ಕರೆ ಚೆಲ್ಲಿದಂತೆ ಬಣ್ಣದ ಕಣಗಳು ಮಿನುಗುತ್ತವೆ, ತಲೆ ಸ್ವಲ್ಪ ಆಡಿಸಿದರೆ ಕಣಗಳೂ ಆಡುತ್ತವೆ. ಒಂದೊಂದು ಉಬ್ಬೂ ಪುಟ್ಟ ಮಸೂರವಾಗಿ ಕೆಲವು ಪಟ್ಟಿಗಳನ್ನು ಹೆಚ್ಚು, ಕೆಲವನ್ನು ಕಡಿಮೆ ಬೆಳಗಿಸುವುದರಿಂದ ಹೀಗಾಗುತ್ತದೆ. ಹಳೆಯ 24 ಇಂಚಿನ ಪರದೆಯಲ್ಲಿ ಒಂದು ಬಣ್ಣದ ಪಟ್ಟಿಯ ಮೇಲೆ ಅಂಥ ಉಬ್ಬುಗಳು 41 ಕೂರುತ್ತಿದ್ದವು. ಹೆಚ್ಚುಕಡಿಮೆ ಒಟ್ಟಿಗೆ ಸೇರಿ ಸರಿಹೋಗುತ್ತಿತ್ತು. 4ಕೆ ಪಟ್ಟಿ ಚಿಕ್ಕದು, ಅದರ ಮೇಲೆ ಹಿಡಿಯುವುದು 13. ನಲವತ್ತೊಂದು ಜನರ ಕೋಲಾಟದಲ್ಲಿ ಒಬ್ಬ ಹೆಜ್ಜೆ ತಪ್ಪಿದರೆ ಗೊತ್ತಾಗದು, ಹದಿಮೂರು ಜನರಲ್ಲಿ ಗೊತ್ತಾಗಿಬಿಡುತ್ತದೆ. ಪರದೆ ಸೂಕ್ಷ್ಮವಾದಷ್ಟೂ ಅದೇ ಹಳೆಯ ಲೇಪ ಕೆಟ್ಟದಾಗಿ ಕಾಣುತ್ತದೆ. ಈ ಮಿನುಗು ತಾಳಲಾರದೆ ಮಾನಿಟರಿನ ಮೇಲೆ ಗಂಟೆಗಟ್ಟಲೆ ಒದ್ದೆ ಕಾಗದ ಹಾಸಿ, ಲೇಪದ ಹಾಳೆಯನ್ನು ನೆನೆಸಿ ಸುಲಿದವರಿದ್ದಾರೆ.

ಹಾಗಾದರೆ ಬೆಳಕನ್ನು ಹಂಚದೆ ಅಳಿಸಲು ಬರುವುದಿಲ್ಲವೇ? ಬರುತ್ತದೆ, ಮತ್ತು ಇಡೀ ವಿಷಯದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಎಂಬ ಮಸೂರ ತಯಾರಕರು, ವಯಸ್ಸಾಗಿ ಮೇಲ್ಮೈ ಮಾಸಿದ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕು ಹಾಯಿಸುತ್ತವೆ ಎಂಬುದನ್ನು ಗಮನಿಸಿದರು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಬೇಕೆಂದೇ ಅಂಥ ಪದರ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಪ್ಪತ್ತು ಗಾಜಿನ ಮೈಗಳಿರುವ ದೂರದರ್ಶಕದಲ್ಲಿ ಒಂದೊಂದು ಮೈಯೂ ನಾಲ್ಕು ಪಾಲು ಕದ್ದರೆ ಕಣ್ಣಿಗೆ ತಲುಪುವ ಬೆಳಕು ನೂರಕ್ಕೆ 44 ಮಾತ್ರ. ಹಾಗಾಗಿ ಆ ಕಾಲಕ್ಕೆ ಈ ಲೇಪ ಸೇನೆಯ ಗುಟ್ಟಾಯಿತು.

1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕ್ಯಾಥರೀನ್ ಬ್ಲಾಡ್ಜೆಟ್ ಅದನ್ನು ಅಣುಗಳ ಲೆಕ್ಕದಲ್ಲಿ ಮಾಡಿ ತೋರಿಸಿದರು. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಸಾಬೂನಿನಂಥ ಪೊರೆ ತೇಲಿಸಿ, ಗಾಜನ್ನು ಅದರಲ್ಲಿ ಅದ್ದಿ ಅದ್ದಿ ತೆಗೆದರು. ಪೊರೆಯ ಮೇಲೆ ಪೊರೆ, ಒಟ್ಟು 44. ನಲವತ್ತನಾಲ್ಕು ಅಣುಗಳ ಆ ಗೋಡೆ ಎದ್ದ ಗಾಜು ನೂರಕ್ಕೆ 99 ಪಾಲು ಬೆಳಕನ್ನು ಹಾಯಿಸಿತು. ಆ ಗಾಜನ್ನು ಕಣ್ಣಿಗೆ ಕಾಣದ ಗಾಜು ಎಂದೇ ಕರೆದರು. ಬೆರಳಿನಿಂದ ಒರೆಸಿದರೆ ಪೊರೆ ಹೋಗಿಬಿಡುತ್ತಿತ್ತು ಎಂಬುದೊಂದೇ ಕೊರತೆ.

ಇಂದಿನ ಸರಳ ಲೇಪ ಮೆಗ್ನೀಸಿಯಂ ಫ್ಲೋರೈಡಿನದು. ದಪ್ಪ 100 ನ್ಯಾನೋಮೀಟರ್. ಸಾಧಾರಣ ಕಾಗದವನ್ನು ಸಾವಿರ ಹಾಳೆಯಾಗಿ ಸೀಳಿದರೆ ಒಂದರ ದಪ್ಪ. ಲೇಪದ ಮೇಲ್ಮೈಯಿಂದ ಒಂದು ಅಲೆ ಮರಳುತ್ತದೆ, ತಳದಿಂದ ಇನ್ನೊಂದು. ಎರಡನೆಯದು ತುಸು ತಡ. ಎಷ್ಟು ತಡವೆಂದರೆ, ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಚೂರು ಮಾಡಿದಾಗ ಸಿಗುವ ಒಂದು ಚೂರಿಗಿಂತಲೂ ಕಡಿಮೆ. ಅಷ್ಟೇ ತಡದಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಯಾಗಿ ಬಂದು ಕೂರುತ್ತದೆ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಪ್ರತಿಫಲನ ನೂರಕ್ಕೆ 4 ಇದ್ದದ್ದು ಸುಮಾರು 1.3ಕ್ಕೆ ಇಳಿಯುತ್ತದೆ, ಹಲವು ಪದರ ಹಚ್ಚಿದರೆ ಅರ್ಧಕ್ಕೂ ಕೆಳಗೆ. ಉಳಿದ ಬೆಳಕು ಗಾಜಿನೊಳಕ್ಕೆ ಹೋಗುತ್ತದೆ. ಇಲ್ಲಿ ಮುಸುಕಿಲ್ಲ, ಮಿನುಗಿಲ್ಲ, ಸೋರಿಕೆಯಿಲ್ಲ.

27 ಇಂಚಿನ ಇಡೀ ಪರದೆಗೆ ಈ ಲೇಪ ಎಷ್ಟು ಬೇಕು? ಪರದೆಯ ಹರವು ಒಂದು ಚದರ ಮೀಟರಿನ ಐದನೇ ಒಂದು ಪಾಲು. ಅದನ್ನು 100 ನ್ಯಾನೋಮೀಟರಿನಿಂದ ಗುಣಿಸಿದರೆ ಬರುವುದು 20 ಘನ ಮಿಲಿಮೀಟರ್. ಒಗ್ಗರಣೆಗೆ ಹಾಕುವ ದಪ್ಪ ಸಾಸಿವೆ ಐದು ಕಾಳು. ಅಷ್ಟನ್ನು ಅರವತ್ತು ಸೆಂಟಿಮೀಟರ್ ಅಗಲಕ್ಕೆ ಎಲ್ಲೂ ಹೆಚ್ಚುಕಡಿಮೆಯಾಗದಂತೆ ಹರಡಬೇಕು. ಲೇಪವನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ಹಿಗ್ಗಿಸಿದರೆ ಅದೇ ಅನುಪಾತದಲ್ಲಿ ಪರದೆಯ ಅಗಲ ಆರು ಕಿಲೋಮೀಟರ್ ಆಗುತ್ತದೆ.

ಪತಂಗದ ಕಣ್ಣು ಇದಕ್ಕಿಂತಲೂ ಮುಂದೆ ಹೋಗಿದೆ. ಅದರ ಮೇಲ್ಮೈಯಲ್ಲಿ ಸುಮಾರು 200 ನ್ಯಾನೋಮೀಟರಿಗೊಂದರಂತೆ ಮೊಳಕೆಗಳಿವೆ ಎಂಬುದು 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿಯಿತು. ಬೆಳಕಿನ ಅಲೆಗಿಂತ ಸಣ್ಣದಾದ ಈ ಮೊಳಕೆಗಳು ಬೆಳಕಿಗೆ ಬಿಡಿಬಿಡಿಯಾಗಿ ತಿಳಿಯುವುದೇ ಇಲ್ಲ. ಗಾಳಿ ಮೆಲ್ಲಗೆ ಗಾಜಾಗುತ್ತ ಹೋದಂತೆ ಅನಿಸಿ ಅದು ಹಿಂದಿರುಗದೆ ಒಳಹೋಗುತ್ತದೆ. ಅಷ್ಟು ಒತ್ತೊತ್ತಾಗಿ ನಮ್ಮ 27 ಇಂಚಿನ ಪರದೆಯನ್ನು ತುಂಬಿದರೆ ಐದು ಲಕ್ಷ ಕೋಟಿ ಮೊಳಕೆಗಳು ಬೇಕು. 2012ರಲ್ಲಿ ಜಪಾನಿನ ಶಾರ್ಪ್ ಕಂಪನಿ ಇಂಥ ಮೈಯ ಟಿವಿ ತಂದಿತು. ಬೆರಳಿನ ಜಿಡ್ಡು ಆ ಸಂದುಗಳಲ್ಲಿ ತುಂಬಿಕೊಂಡರೆ ಮಾತ್ರ ಎಲ್ಲ ವ್ಯರ್ಥ. 2019ರಲ್ಲಿ ಆಪಲ್ ತನ್ನ 32 ಇಂಚಿನ ಮಾನಿಟರಿಗೆ ಗಾಜನ್ನೇ ನ್ಯಾನೋ ಅಳತೆಯಲ್ಲಿ ಕೆತ್ತಿದ ಮ್ಯಾಟ್ ಮೈ ಕೊಟ್ಟಿತು. 4,999 ಡಾಲರಿನ ಯಂತ್ರ 5,999 ಆಯಿತು. ಏನನ್ನೂ ಹಚ್ಚದೆ ಗಾಜಿನಿಂದ ತೆಗೆದುದಕ್ಕೆ ಸಾವಿರ ಡಾಲರ್.

ಕೊಳ್ಳುವ ಮೊದಲು ಅಂಗಡಿಯವರಿಗೆ ಹೇಳಿ ಪೂರ್ತಿ ಬಿಳಿಯಾದ ಪುಟವೊಂದನ್ನು ತೆರೆಸಿ, ತಲೆಯನ್ನು ಒಂದಿಷ್ಟು ಆಚೀಚೆ ಆಡಿಸಿ ನೋಡಿ, ಮಿನುಗಿದರೆ ಬೇಡ. ಚಿಕ್ಕ ಅಕ್ಷರದಲ್ಲಿ 'ಧ' ಮತ್ತು 'ಫ' ಬರೆಸಿ ನೋಡಿ. ಮನೆಯಲ್ಲಿ ಈಗಾಗಲೇ ಇರುವ ಮಾನಿಟರನ್ನು ಹಗಲಿನಲ್ಲಿ ಒಮ್ಮೆ ಆರಿಸಿ, ನಿಮ್ಮ ಕುರ್ಚಿಯಲ್ಲೇ ಕೂತು ಆ ಕಪ್ಪು ಗಾಜನ್ನು ನೋಡಿ. ಅಲ್ಲಿ ಕಿಟಕಿ ಕಂಡರೆ ಹೊಸ ಪರದೆಗೆ ಹಣ ಹಾಕಬೇಡಿ, ಮೊದಲು ಮೇಜು ತಿರುಗಿಸಿ.