ಬಾರ್‌ಟೆಂಡರನ ಮೊದಲ ಪಾಠ

ಪ್ರಶ್ನೆ: ಬಾರ್‌ಟೆಂಡರ್ ವೃತ್ತಿಗೆ ಹೊಸದಾಗಿ ಸೇರಿದವನು ಯಾವ ಕಾಕ್‌ಟೇಲ್‌ಗಳನ್ನು ಮೊದಲು ಕಲಿಯಬೇಕು?

ಉತ್ತರ: ಅಮೆರಿಕದ ಡೇವಿಡ್ ಎಂಬರಿಯವರು 1948ರ ತಮ್ಮ ಗ್ರಂಥದಲ್ಲಿ ಮಾರ್ಟಿನಿ, ಮ್ಯಾನ್‌ಹಟನ್, ಓಲ್ಡ್ ಫ್ಯಾಶನ್ಡ್, ಡೈಕಿರಿ, ಸೈಡ್‌ಕಾರ್, ಜಾಕ್ ರೋಸ್ ಎಂಬ ಆರನ್ನೇ ಮೂಲಪಾನೀಯಗಳೆಂದು ಪರಿಗಣಿಸಿದರು. ಇವುಗಳಲ್ಲಿ ಡೈಕಿರಿಯನ್ನು ಮೊದಲು ಅಭ್ಯಸಿಸುವುದು ಲೇಸೆಂದು ನನ್ನ ಮತ. ಏಕೆಂದರೆ ರಮ್, ನಿಂಬೆರಸ, ಸಕ್ಕರೆ ಪಾಕ ಇವಿಷ್ಟರಿಂದಲೇ ಸಿದ್ಧವಾಗುವ ಅದರಲ್ಲಿ, 60 ಮಿಲಿ ರಮ್ಮಿಗೆ ರಸವು ತುಸು ಹೆಚ್ಚಿದರೂ ಹುಳಿ ಮಿತಿಮೀರಿ, ಅಳತೆಯ ದೋಷವನ್ನು ಮರೆಮಾಚಲು ಬೇರೊಂದು ಪದಾರ್ಥವೇ ಇರಲಾರದು. ರಮ್ಮಿನ ಸ್ಥಾನದಲ್ಲಿ ಟಕೀಲವನ್ನೂ, ಪಾಕದ ಸ್ಥಾನದಲ್ಲಿ ಕಿತ್ತಳೆಯ ಸಿಹಿಮದ್ಯವನ್ನೂ ಇರಿಸಿದರೆ ಅದೇ ಮಾರ್ಗರೀಟ. ಹಣ್ಣಿನ ರಸ ಬೆರೆತುದನ್ನು ಐಸಿನೊಡನೆ, ಶೇಕರಿನ ಹೊರಮೈ ಹನಿಗಟ್ಟುವವರೆಗೆ ರಭಸದಿಂದ ಕುಲುಕಬೇಕು. ಮಾರ್ಟಿನಿಯಂತಹ ಶುದ್ಧ ಮದ್ಯಮಿಶ್ರಣವನ್ನು ಚಮಚದಿಂದ ಮೆಲ್ಲನೆ ಕದಡಬೇಕು. ನಿಂಬೆರಸವನ್ನು ಮಾತ್ರ ಆಗಿಂದಾಗಲೇ ಹಿಂಡಿ ಬಳಸಿರಿ.