ಕಾಲು ಬಿಡುವಂತಿಲ್ಲದ ಸೈಕಲ್ಲು

ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಹಿಂದಿನ ಹಲ್ಲುಚಕ್ರವನ್ನು ನೇರವಾಗಿ ಹಬ್ಬಿನ, ಅಂದರೆ ಚಕ್ರದ ನಡುಗುಂಬದ, ಮೇಲೇ ತಿರುಗಿಸಿ ಬಿಗಿದಿರುತ್ತಾರೆ. ಸಾಮಾನ್ಯ ಸೈಕಲ್ಲಿನಲ್ಲಿ ಆ ಜಾಗದಲ್ಲಿ ಫ್ರೀವೀಲು ಇರುತ್ತದೆ. ಮುಂದಕ್ಕೆ ತುಳಿದಾಗ ಫ್ರೀವೀಲಿನ ಒಳಗಿರುವ ಪುಟ್ಟ ಕೊಂಡಿಗಳು ಹಲ್ಲಿಗೆ ಸಿಕ್ಕಿಕೊಂಡು ಚಕ್ರವನ್ನು ಎಳೆಯುತ್ತವೆ. ತುಳಿಯುವುದನ್ನು ನಿಲ್ಲಿಸಿದರೆ ಟಿಕ್ ಟಿಕ್ ಎನ್ನುತ್ತ ಜಾರುತ್ತವೆ. ಇಳಿಜಾರಿನಲ್ಲಿ ಕಾಲು ಆಡಿಸದೆ ಸಾಗುವ ಸುಖ ಈ ಕೊಂಡಿಗಳ ಕೃಪೆ. ಫಿಕ್ಸೆಡ್ ಗೇರಿನಲ್ಲಿ, ಸವಾರರ ಮಾತಿನಲ್ಲಿ ಫಿಕ್ಸಿಯಲ್ಲಿ, ಅವು ಇಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗಲೇಬೇಕು. ಹಿಂದಕ್ಕೆ ತುಳಿದರೆ ಸೈಕಲ್ಲು ಹಿಂದಕ್ಕೇ ಹೋಗುತ್ತದೆ. ಚಿಕ್ಕಂದಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲಿರುವ ಮೂರು ಚಕ್ರದ ಸೈಕಲ್ಲು ತುಳಿದವರಿಗೆ ಈ ಕಟ್ಟುಪಾಡು ಹೊಸದೇನಲ್ಲ.

ಇದನ್ನು ಇತ್ತೀಚಿನ ಶೋಕಿ ಎಂದುಕೊಳ್ಳುವವರುಂಟು. ವಾಸ್ತವದಲ್ಲಿ ಪೆಡಲುಳ್ಳ ಸೈಕಲ್ಲಿನ ಮೊದಲ ರೂಪವೇ ಇದು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲಿಗೆ ಚೈನಿತ್ತು, ಫ್ರೀವೀಲು ಇರಲಿಲ್ಲ. ಫ್ರೀವೀಲು ಎಲ್ಲೆಡೆ ಹರಡಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಅದಾದ ಮೇಲೂ ಹಲವು ಗೇರುಗಳ ಸೈಕಲ್ಲನ್ನು ಸ್ಪರ್ಧಾಲೋಕ ಬೇಗ ಒಪ್ಪಲಿಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಬೇರೆ ಹಲ್ಲುಚಕ್ರವಿದ್ದ ಇನ್ನೊಂದು ಮಗ್ಗುಲನ್ನು ಚೈನಿನ ಕಡೆಗೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಎರಡೂ ಮಗ್ಗುಲಲ್ಲಿ ಹಲ್ಲುಚಕ್ರ ಕೂರುವ ಈ ಫ್ಲಿಪ್-ಫ್ಲಾಪ್ ಹಬ್ಬು ಇಂದಿನ ನಗರದ ಫಿಕ್ಸಿಯಲ್ಲಿ ಹಾಗೆಯೇ ಉಳಿದುಬಂದಿದೆ.

ಫಿಕ್ಸೆಡ್ ಗೇರು ಇಂದಿಗೂ ಕಡ್ಡಾಯವಾಗಿ ಉಳಿದಿರುವ ಜಾಗವೆಂದರೆ ವೆಲೊಡ್ರೋಮು, ಅಂದರೆ ಓರೆಯಾದ ತಿರುವುಗಳಿರುವ ಸೈಕಲ್ ಓಟದ ಅಂಕಣ. ಅಲ್ಲಿ ಬ್ರೇಕು ನಿಷಿದ್ಧ. ಮುಂದಿನವನು ಫಕ್ಕನೆ ಬ್ರೇಕು ಒತ್ತಿದರೆ ಹಿಂದಿನವರೆಲ್ಲ ರಾಶಿಯಾಗಿ ಬೀಳುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರೀಯ ಟ್ರ್ಯಾಕ್ ಸ್ಪರ್ಧೆಗಳಿಗೆ ಹೋಗುವ ಸೈಕ್ಲಿಸ್ಟರು ತುಳಿಯುವುದೂ ಇಂಥ ಸೈಕಲ್ಲನ್ನೇ. ಜಪಾನಿನಲ್ಲಿ 1948ರಲ್ಲಿ ಕೊಕುರಾ ಪಟ್ಟಣದಲ್ಲಿ ಶುರುವಾದ ಕೇರಿನ್ ಓಟವಂತೂ ಜೂಜಿನ ದೊಡ್ಡ ಉದ್ಯಮವಾಗಿ ಬೆಳೆಯಿತು. ಹಣ ಕಟ್ಟುವವರಿಗೆ ಮೋಸವಾಗಬಾರದೆಂದು ಅಲ್ಲಿ ಪ್ರತಿಯೊಂದು ಬಿಡಿಭಾಗಕ್ಕೂ ಎನ್‌ಜೆಎಸ್ ಮುದ್ರೆ ಬೇಕು. ಓಟದಿಂದ ನಿವೃತ್ತಿಯಾದ ಆ ಉಕ್ಕಿನ ಫ್ರೇಮುಗಳನ್ನು ಲಂಡನ್ನು, ನ್ಯೂಯಾರ್ಕುಗಳ ಹುಡುಗರು ಹುಡುಕಿ ಕೊಳ್ಳುತ್ತಾರೆ.

ಅಂಕಣದ ಸೈಕಲ್ಲನ್ನು ಪೇಟೆಯ ಬೀದಿಗೆ ಇಳಿಸಿದವರು ಕೊರಿಯರ್ ಸವಾರರು. ಇ-ಮೇಲ್ ಬರುವ ಮುಂಚಿನ ನ್ಯೂಯಾರ್ಕಿನಲ್ಲಿ ವಕೀಲರ ಕಾಗದಪತ್ರ, ಜಾಹೀರಾತಿನ ನಕಲುಗಳೆಲ್ಲ ಮ್ಯಾನ್‌ಹ್ಯಾಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ಲಿನ ಮೇಲೇ ಓಡಬೇಕಿತ್ತು. ಕೂಲಿ ತಲುಪಿಸಿದ ಲಕೋಟೆಯ ಲೆಕ್ಕದಲ್ಲಿ; ಸೈಕಲ್ಲು ರಿಪೇರಿಗೆ ನಿಂತ ದಿನ ಸಂಪಾದನೆಯಿಲ್ಲ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಗೇರಿನ ಸಾಧನವನ್ನು ತಿಂದುಹಾಕುತ್ತದೆ. ಫಿಕ್ಸಿಯಲ್ಲಿ ತಿನ್ನಲು ಅಂಥದ್ದೇನೂ ಇಲ್ಲ, ಕದಿಯಲೂ ಹೆಚ್ಚೇನಿಲ್ಲ. ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದ ಸವಾರರು ಇದನ್ನು ಅಲ್ಲಿ ಬಳಕೆಗೆ ತಂದರು ಎಂಬ ಮಾತು ಆ ವಲಯದಲ್ಲಿ ಪ್ರಚಲಿತ. ಕೊರಿಯರ್ ಸವಾರರ ಹಾವಳಿ ತಡೆಯಲು 1987ರಲ್ಲಿ ಮೇಯರ್ ಎಡ್ ಕಾಚ್ ಮಧ್ಯ ಮ್ಯಾನ್‌ಹ್ಯಾಟನ್ನಿನ ಮೂರು ದೊಡ್ಡ ರಸ್ತೆಗಳಲ್ಲಿ ಹಗಲು ಹೊತ್ತು ಸೈಕಲ್ಲನ್ನೇ ನಿಷೇಧಿಸಲು ಹೊರಟರು. ಸವಾರರು ಗುಂಪುಗಟ್ಟಿ ಬೀದಿಗಿಳಿದರು, ನ್ಯಾಯಾಲಯ ನಿಷೇಧವನ್ನು ತಡೆಯಿತು. 1993ರಲ್ಲಿ ಬರ್ಲಿನ್ನಿನಲ್ಲಿ ಕೊರಿಯರ್ ಸವಾರರ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಆಮೇಲೆ ಕಚೇರಿಗೆ ಹೋಗುವವರು, ಕಾಲೇಜು ಹುಡುಗರು, ಕಲಾವಿದರು ಫಿಕ್ಸಿಯ ಬೆನ್ನುಹತ್ತಿದರು. 2012ರ ‘ಪ್ರೀಮಿಯಂ ರಷ್’ ಹಾಲಿವುಡ್ ಚಿತ್ರದ ನಾಯಕ ಬ್ರೇಕಿಲ್ಲದ ಫಿಕ್ಸಿಯ ಕೊರಿಯರ್ ಸವಾರ.

ಇರುವುದು ಒಂದೇ ಗೇರು, ಆದ್ದರಿಂದ ಅದರ ಆಯ್ಕೆಯೇ ಫಿಕ್ಸಿಯವರ ಮುಗಿಯದ ಚರ್ಚೆ. ಮುಂದೆ 48 ಹಲ್ಲು, ಹಿಂದೆ 17 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ 2.82 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರು, ಒಂದು ತುಳಿತಕ್ಕೆ ಆರು ಮೀಟರಿಗೆ ಸ್ವಲ್ಪ ಕಡಿಮೆ ದೂರ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 32 ಕಿ.ಮೀ. ವೇಗ. ಸಮತಟ್ಟಾದ ಊರಿಗೆ ಇದು ಹೊಂದುತ್ತದೆ. ಏರು ಹೆಚ್ಚಿರುವ ಊರಿನಲ್ಲಿ ಮುಂದೆ 46, ಹಿಂದೆ 18 ಹಾಕುವುದು ಜಾಣತನ. ಹಾಗೆಂದು ತೀರ ಹಗುರ ಮಾಡಿದರೂ ಕಷ್ಟವೇ: ಇಳಿಜಾರಿನಲ್ಲಿ ಕಾಲು ಹುಚ್ಚೆದ್ದು ತಿರುಗಬೇಕಾಗುತ್ತದೆ.

ಹಲ್ಲಿನ ಲೆಕ್ಕಕ್ಕೆ ಇನ್ನೊಂದು ಸ್ವಾರಸ್ಯದ ಮುಖವಿದೆ. ಫಿಕ್ಸಿ ಸವಾರರು ಮೈಯ ಭಾರವನ್ನು ಮುಂದಕ್ಕೆ ಹಾಕಿ, ಎರಡು ಪೆಡಲುಗಳನ್ನೂ ನೆಲಕ್ಕೆ ಸಮಾಂತರವಾಗಿ ಬಿಗಿಹಿಡಿದು, ಹಿಂದಿನ ಟೈರನ್ನು ಉಜ್ಜಿಸಿ ನಿಲ್ಲುತ್ತಾರೆ. ಇದಕ್ಕೆ ಸ್ಕಿಡ್ ಎನ್ನುತ್ತಾರೆ. ಮುಂದೆ 48, ಹಿಂದೆ 16 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು ಬರುತ್ತದೆ. ಹಾಗಾಗಿ ಪ್ರತಿ ಸಲ ಅದೇ ಕಾಲು ಮುಂದಿಟ್ಟು ನಿಂತರೆ ಟೈರಿನ ಅದೇ ಒಂದು ಜಾಗ ನೆಲಕ್ಕೆ ಉಜ್ಜಿ, ಉಳಿದ ಟೈರು ಹೊಸದಾಗಿರುವಾಗಲೇ ಅಲ್ಲಿ ದಾರ ಕಾಣಿಸುತ್ತದೆ. ಹಿಂದೆ ಒಂದೇ ಒಂದು ಹಲ್ಲು ಹೆಚ್ಚಿಸಿ 17 ಮಾಡಿದರೆ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ. ಮುಂದೆ 47 ಹಾಕಿ, ಎಡ ಬಲ ಯಾವ ಕಾಲನ್ನಾದರೂ ಮುಂದಿಟ್ಟು ನಿಲ್ಲಬಲ್ಲವರಿಗೆ 34 ಜಾಗ. ಹಿಂದೆ ಅವಿಭಾಜ್ಯ ಸಂಖ್ಯೆಯ ಹಲ್ಲುಗಳನ್ನು ಸವಾರರು ಆರಿಸುವ ಗುಟ್ಟು ಇದೇ. ಶಾಲೆಯಲ್ಲಿ ಕಲಿತ ಭಿನ್ನರಾಶಿ ಟೈರಿನ ದುಡ್ಡು ಉಳಿಸುವ ಸಂದರ್ಭ ಇಷ್ಟು ನೇರವಾಗಿ ಬೇರೆಲ್ಲೂ ಸಿಗಲಾರದು.

ದಿನನಿತ್ಯದ ಸವಾರಿಯಲ್ಲಿ ಅಭ್ಯಾಸ ಮಾಡಿಕೊಳ್ಳಬೇಕಾದ ಸಣ್ಣಪುಟ್ಟ ಸಂಗತಿಗಳು ಬಹಳ. ತಿರುವಿನಲ್ಲಿ ಸೈಕಲ್ಲು ವಾಲಿದಾಗಲೂ ಪೆಡಲು ತಿರುಗುತ್ತಲೇ ಇರುವುದರಿಂದ ಒಳಗಡೆಯ ಪೆಡಲು ನೆಲಕ್ಕೆ ತಗುಲಿ ಬೀಳಿಸಬಹುದು. ಅದಕ್ಕೇ 165 ಮಿ.ಮೀ.ನಂಥ ಗಿಡ್ಡ ಕ್ರ್ಯಾಂಕು (ಪೆಡಲಿನ ತೋಳು) ಹಾಕುತ್ತಾರೆ. ರಸ್ತೆ ಉಬ್ಬು ಬಂದಾಗ ಕಾಲು ಬಿಗಿಹಿಡಿದು ಏಳುವಂತಿಲ್ಲ, ತುಳಿಯುತ್ತಲೇ ಸೀಟಿನಿಂದ ಮೇಲೇಳಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ಸುತ್ತಿ ಬೇಕಾದ ಎತ್ತರಕ್ಕೆ ತರಲಾಗದು. ಮುಂದಿನ ಬ್ರೇಕು ಹಿಡಿದು, ಹ್ಯಾಂಡಲಿನ ಮೇಲೆ ಭಾರ ಹಾಕಿ, ಹಿಂದಿನ ಚಕ್ರವನ್ನು ತುಸು ಎತ್ತಿ ಸುತ್ತಿಕೊಳ್ಳಬೇಕು. ಪಳಗಿದವರು ಕಾಲನ್ನು ನೆಲಕ್ಕೆ ಇಳಿಸುವುದೇ ಇಲ್ಲ; ಮುಂದಿನ ಚಕ್ರವನ್ನು ಓರೆಮಾಡಿ, ಹಿಂದಕ್ಕೂ ಮುಂದಕ್ಕೂ ಅಂಗುಲದಷ್ಟು ತೂಗುತ್ತ ನಿಂತಲ್ಲೇ ನಿಲ್ಲುತ್ತಾರೆ. ಪಾದ ಪೆಡಲಿನಿಂದ ಜಾರದಂತೆ ಪಟ್ಟಿ ಕಟ್ಟಿಕೊಳ್ಳುವುದು ಅನಿವಾರ್ಯ. ಜಾರಿದ ಪೆಡಲು ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿದರೆ ಆ ಏಟು ಬಹಳ ದಿನ ನೆನಪಿರುತ್ತದೆ.

ಬಿಡಿಭಾಗ ಕಡಿಮೆಯಾದ ಮಾತ್ರಕ್ಕೆ ಕೈಕೆಲಸ ಕಡಿಮೆಯೆಂದಲ್ಲ. ಇರುವ ಕೆಲಸ ಕರಾರುವಾಕ್ಕಾಗಿರಬೇಕು. ಹಲ್ಲುಚಕ್ರ ಹಬ್ಬಿನ ಬಲಮುರಿ ಮರೆಯ (ತಿರುಪಿನ ಸುತ್ತುಗೆರೆಯ) ಮೇಲೆ ಕೂರುತ್ತದೆ. ಅದರ ಹೊರಗೆ ಲಾಕ್ ರಿಂಗ್, ಇದರ ಮರೆ ಎಡಮುರಿ. ಸವಾರ ಕಾಲಿನಿಂದ ತಡೆಯೊಡ್ಡಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ, ಆದರೆ ಅದು ತಿರುಗುವ ದಿಕ್ಕಿಗೆ ಲಾಕ್ ರಿಂಗ್ ಇನ್ನಷ್ಟು ಬಿಗಿಯುತ್ತದೆ. ಖರ್ಚು ಉಳಿಸಲೆಂದು ಹಳೇ ಫ್ರೀವೀಲಿನ ಹಬ್ಬಿಗೇ ಹಲ್ಲುಚಕ್ರ ತಿರುಗಿಸಿ ಕೂರಿಸುವವರಿದ್ದಾರೆ. ಆ ಹಬ್ಬಿನಲ್ಲಿ ಎಡಮುರಿ ಮರೆ ಇರುವುದಿಲ್ಲ. ಸವಾರರು ಇದಕ್ಕೆ ಆತ್ಮಹತ್ಯೆಯ ಹಬ್ಬು ಎಂದೇ ಹೆಸರಿಟ್ಟಿದ್ದಾರೆ, ಹೆಸರು ಸರಿಯಾಗಿಯೇ ಇದೆ.

ಚೈನಿನ ಬಿಗಿ ಇನ್ನೊಂದು ನಾಜೂಕಿನ ವಿಷಯ. ಸಡಿಲವಿದ್ದರೆ ಚೈನು ಕಳಚಿ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ಅತಿ ಬಿಗಿಯಾದರೆ ಬೇರಿಂಗು ಸವೆಯುತ್ತದೆ. ನಡುಭಾಗದಲ್ಲಿ ಬೆರಳಿಂದ ಒತ್ತಿದರೆ ಸುಮಾರು ಒಂದು ಸೆಂ.ಮೀ. ಆಡಬೇಕು. ಹೀಗೆ ಹೊಂದಿಸಲು ಚಕ್ರ ಹಿಂದೆ ಮುಂದೆ ಸರಿಯುವಂಥ ಉದ್ದನೆಯ ಸೀಳು ಫ್ರೇಮಿನಲ್ಲಿರಬೇಕು. ಹಳೇ ಉಕ್ಕಿನ ಫ್ರೇಮುಗಳಲ್ಲಿ ಅದು ಇರುವುದರಿಂದಲೇ ಮೂಲೆ ಸೇರಿದ್ದ ಎಷ್ಟೋ ಸೈಕಲ್ಲುಗಳು ಫಿಕ್ಸಿಯಾಗಿ ಮರುಜನ್ಮ ಪಡೆದಿವೆ. ಆಕ್ಸಲಿನ ನಟ್ಟಿಗೆ ಸಾಮಾನ್ಯವಾಗಿ 15 ಮಿ.ಮೀ. ಸ್ಪ್ಯಾನರು ಬೇಕು. ಅದು ಜೊತೆಗಿಲ್ಲದೆ ಹೊರಟು ಪಂಕ್ಚರಾದರೆ ತಳ್ಳಿಕೊಂಡು ನಡೆಯುವುದೇ ಗತಿ. ಚೈನು ಒರೆಸುವಾಗ ಮಾತ್ರ ಚಕ್ರವನ್ನು ಜೋರಾಗಿ ಸುತ್ತಿಬಿಟ್ಟು ಬಟ್ಟೆ ಹಿಡಿಯಕೂಡದು. ಬಟ್ಟೆಯೊಂದಿಗೆ ಬೆರಳು ಹಲ್ಲಿನ ನಡುವೆ ಸಿಕ್ಕರೆ ಫಿಕ್ಸಿ ನಿಲ್ಲುವುದಿಲ್ಲ, ಬೆರಳೇ ತುಂಡಾಗುತ್ತದೆ.

ಉಳಿದದ್ದು ಬ್ರೇಕಿನ ಪ್ರಶ್ನೆ. ಬ್ರೇಕಿಲ್ಲದ ಫಿಕ್ಸಿ ನೋಡಲು ಚೆಂದ ಎಂಬುದು ನಿಜ, ಆ ಚೆಂದಕ್ಕೆ ತೆರುವ ಬೆಲೆ ದೊಡ್ಡದು. ನಿಲ್ಲುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹರಿಯುತ್ತದೆ, ಹಿಂದಿನದು ಹಗುರವಾಗಿ ಜಾರುತ್ತದೆ. ಆದ್ದರಿಂದ ಹಿಂದಿನ ಚಕ್ರವೊಂದನ್ನೇ ನೆಚ್ಚಿದರೆ ನಿಲ್ಲಲು ಹೆಚ್ಚುಕಡಿಮೆ ಇಮ್ಮಡಿ ದೂರ ಬೇಕು. ಬ್ರಿಟನ್ನಿನ 1983ರ ನಿಯಮದ ಪ್ರಕಾರ ಫಿಕ್ಸೆಡ್ ಗೇರನ್ನು ಹಿಂದಿನ ಬ್ರೇಕೆಂದು ಎಣಿಸಬಹುದು, ಮುಂದಿನದು ಇರಲೇಬೇಕು. ಜರ್ಮನಿಯಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡುವ ಎರಡು ಬ್ರೇಕು ಕಡ್ಡಾಯ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸಿ ಡಿಕ್ಕಿ ಹೊಡೆದು ಪಾದಚಾರಿ ಮಹಿಳೆಯೊಬ್ಬರು ಸತ್ತಾಗ, ಸವಾರನಿಗೆ 1861ರ ಕಾನೂನಿನಡಿ 18 ತಿಂಗಳ ಸೆರೆವಾಸವಾಯಿತು.

ಫಿಕ್ಸಿ ಕಲಿಯುವ ಮನಸ್ಸಿರುವವರು ಒಂದು ಮಗ್ಗುಲಿಗೆ ಫ್ರೀವೀಲು, ಇನ್ನೊಂದು ಮಗ್ಗುಲಿಗೆ ಹಲ್ಲುಚಕ್ರ ಇರುವ ಫ್ಲಿಪ್-ಫ್ಲಾಪ್ ಹಬ್ಬಿನಿಂದ ಶುರುಮಾಡಲಿ. ಮೊದಲ ಕೆಲವು ವಾರ ವಾಹನಗಳಿಲ್ಲದ ರಸ್ತೆಯಲ್ಲಿ ತುಳಿಯಲಿ, ಮುಂದಿನ ಬ್ರೇಕನ್ನು ಯಾರು ಏನೇ ಅಂದರೂ ಕಳಚದಿರಲಿ.